ಚೌಳು ಮಣ್ಣಿನ ಬ್ಯಾಕ್ಟೀರಿಯಾ ಮತ್ತು ಅವು ತಯಾರಿಸುವ ರೋಗಾಣುನಾಶಕ ಪೆಪ್ಟೈಡ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯ, ಮೈಸೂರು ಕಡೆ ಈ ವಿಷಯ ಎತ್ತಿದರೆ ಸಾಕು, ಪ್ರಶ್ನೆಗಳು ಶುರುವಾಗುತ್ತವೆ. ಗದ್ದೆ ಚೌಳಾಗಿ ಬೇಸತ್ತ ರೈತರು ಕೇಳುತ್ತಾರೆ. ಪ್ರಾಜೆಕ್ಟ್‌ಗೆ ವಿಷಯ ಹುಡುಕುವ ಎಂಎಸ್ಸಿ ವಿದ್ಯಾರ್ಥಿಗಳು ಕೇಳುತ್ತಾರೆ. ‘ಹೊಸ ಆಂಟಿಬಯೋಟಿಕ್ ಸಿಕ್ಕಿತು’ ಅಂತ ಪೇಪರಲ್ಲಿ ಓದಿದವರೂ ಕೇಳುತ್ತಾರೆ. ಮಾತಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಬಂದವನ್ನು ಅವರ ಮಾತಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ಲ್ಯಾಬಿನವು ಆಮೇಲೆ.

## ಮೊದಲ ಪ್ರಶ್ನೆಗಳು

ಪೆಪ್ಟೈಡ್ ಅಂದ್ರೆ ಪ್ರೋಟೀನೇ ಅಲ್ವಾ?

ಎರಡಕ್ಕೂ ಕಚ್ಚಾವಸ್ತು ಒಂದೇ, ಅಮೈನೋ ಆಮ್ಲ. ಅವು ಒಂದರ ಹಿಂದೊಂದು ಸೇರಿ ಸರಪಳಿ ಆಗುತ್ತವೆ. ಸರಪಳಿ ಉದ್ದವಾಗಿದ್ದರೆ ಪ್ರೋಟೀನ್, ಸುಮಾರು ಐವತ್ತರ ಒಳಗಿದ್ದರೆ ಪೆಪ್ಟೈಡ್. ಈ ಗೆರೆ ಅಷ್ಟೇನೂ ಕಟ್ಟುನಿಟ್ಟಲ್ಲ. ಚೀಸ್ ಕೆಡದಂತೆ ಹಾಕುವ ನಿಸಿನ್‌ನಲ್ಲಿ 34 ಅಮೈನೋ ಆಮ್ಲಗಳಿವೆ. ಗ್ರಾಮಿಸಿಡಿನ್ ಎಸ್‌ನಲ್ಲಿ 10, ಸರ್ಫ್ಯಾಕ್ಟಿನ್‌ನಲ್ಲಿ ಬರೀ 7.

ತಯಾರಾಗುವ ರೀತಿಯಲ್ಲೂ ಎರಡು ದಾರಿ ಇದೆ. ನಿಸಿನ್‌ನಂಥವು ಎಲ್ಲ ಪ್ರೋಟೀನ್‌ಗಳ ಹಾಗೆ ಕೋಶದ ಪ್ರೋಟೀನ್ ಕಾರ್ಖಾನೆಯಾದ ರೈಬೋಸೋಮ್‌ನಲ್ಲಿ ತಯಾರಾಗಿ, ಆಮೇಲೆ ತಿದ್ದುಪಡಿ ಆಗುತ್ತವೆ. ಗ್ರಾಮಿಸಿಡಿನ್, ಸರ್ಫ್ಯಾಕ್ಟಿನ್‌ನಂಥವು ರೈಬೋಸೋಮ್ ಮುಟ್ಟುವುದೇ ಇಲ್ಲ. ಅವುಗಳಿಗಾಗಿಯೇ ದೊಡ್ಡ ದೊಡ್ಡ ಕಿಣ್ವಗಳಿವೆ. ಅವು ಒಂದೊಂದೇ ಅಮೈನೋ ಆಮ್ಲವನ್ನು ಆರಿಸಿ ಜೋಡಿಸುತ್ತವೆ. ಈ ದಾರಿಯಲ್ಲಿ ಸ್ವಾತಂತ್ರ್ಯ ಜಾಸ್ತಿ. ಸರಪಳಿಯ ಎರಡು ತುದಿ ಸೇರಿಸಿ ಬಳೆ ಮಾಡಬಹುದು, ಕೊಬ್ಬಿನ ಬಾಲ ಅಂಟಿಸಬಹುದು, ಮಾಮೂಲಿ ಪ್ರೋಟೀನ್‌ನಲ್ಲಿ ಇಲ್ಲದ ‘ಡಿ’ ರೂಪದ, ಅಂದರೆ ಕನ್ನಡಿ ಬಿಂಬದಂಥ, ಅಮೈನೋ ಆಮ್ಲ ಸೇರಿಸಬಹುದು. ಇದನ್ನು ನೆನಪಲ್ಲಿ ಇಟ್ಟುಕೊಳ್ಳಿ, ಮುಂದೆ ಲ್ಯಾಬಿನ ಪ್ರಶ್ನೆಯಲ್ಲಿ ಬೇಕಾಗುತ್ತದೆ.

ಇಲ್ಲಿ ಸಮುದ್ರ ಇಲ್ಲ, ಏನಿಲ್ಲ. ಮಂಡ್ಯದ ಗದ್ದೆಗೆ ಉಪ್ಪು ಎಲ್ಲಿಂದ ಬಂತು?

ಉಪ್ಪು ಬಂಡೆಯಲ್ಲೇ ಇದೆ. ಕಲ್ಲು ಕರಗಿ ಮಣ್ಣಾಗುವಾಗ ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ಬಿಡುಗಡೆ ಆಗುತ್ತವೆ. ನಾಲೆ ನೀರಿನಲ್ಲೂ ಸ್ವಲ್ಪ ಇರುತ್ತದೆ. ನೀರು ಇಳಿದು ಹೋಗಲು ದಾರಿ ಇದ್ದರೆ ಉಪ್ಪೂ ಕೊಚ್ಚಿ ಹೋಗುತ್ತದೆ. ಕನ್ನಂಬಾಡಿ ಕಟ್ಟೆ 1932ರಲ್ಲಿ ಮುಗಿದು ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿದ ಮೇಲೆ ಮಂಡ್ಯದ ಬದುಕೇ ಬದಲಾಯಿತು. ಆದರೆ ತಗ್ಗಿನ ಗದ್ದೆಗಳಿಗೆ ವರ್ಷಗಟ್ಟಲೆ ನೀರು ಕಟ್ಟಿ, ಬಸಿಗಾಲುವೆಯನ್ನು ಮರೆತ ಕಡೆ ಅಂತರ್ಜಲ ಮೇಲೆ ಬಂತು. ಬಿಸಿಲಿಗೆ ನೀರು ಆವಿಯಾಗಿ ಹೋಯಿತು, ಉಪ್ಪು ಮೇಲ್ಮಣ್ಣಿನಲ್ಲೇ ಉಳಿಯಿತು. ನೀರಾವರಿ ಇರುವ ಕಡೆಯೆಲ್ಲ ಇದೇ ಕತೆ. ದೇಶದಲ್ಲಿ ಸುಮಾರು 67 ಲಕ್ಷ ಹೆಕ್ಟೇರ್ ಭೂಮಿ ಹೀಗೆ ಕೆಟ್ಟಿದೆ ಎಂಬ ಲೆಕ್ಕವಿದೆ. ಕರ್ನಾಟಕದ್ದು ಸುಮಾರು ಒಂದೂವರೆ ಲಕ್ಷ ಹೆಕ್ಟೇರ್.

ಎಲ್ಲಾ ಚೌಳೂ ಒಂದೇನಾ?

ಅಲ್ಲ. ಇದನ್ನು ತಿಳಿಯದೆ ಮುಂದೆ ಹೋದರೆ ರೈತರಿಗೂ ನಷ್ಟ, ವಿದ್ಯಾರ್ಥಿಗಳಿಗೂ ನಷ್ಟ. ಕರಗುವ ಉಪ್ಪು ಜಾಸ್ತಿ ಇರುವ ಮಣ್ಣು ಒಂದು ಬಗೆ. ಅದರ ವಿದ್ಯುತ್ ವಾಹಕತೆ, ಅಂದರೆ ಇಸಿ, ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿರುತ್ತದೆ. ಪಿಎಚ್ 8.5ರ ಒಳಗೇ ಇರುತ್ತದೆ. ಬೇಸಿಗೆಯಲ್ಲಿ ಮೇಲೆ ಬೆಳ್ಳಗೆ ಉಪ್ಪು ಕಾಣುತ್ತದೆ. ಇನ್ನೊಂದು ಕ್ಷಾರ ಮಣ್ಣು. ಇಲ್ಲಿ ಇಸಿ ಕಡಿಮೆ, ಆದರೆ ಪಿಎಚ್ 8.5 ಮೀರಿರುತ್ತದೆ. ಮಣ್ಣಿನ ಕಣಗಳಿಗೆ ಸೋಡಿಯಂ ಅಂಟಿಕೊಂಡು, ಜೇಡಿ ಚದುರಿ, ನೀರು ಇಳಿಯುವುದೇ ಇಲ್ಲ. ಒಣಗಿದರೆ ಕಲ್ಲಿನ ಹಾಗೆ ಗಟ್ಟಿ.

ಕರ್ನಾಟಕದ ಹೆಚ್ಚಿನ ಚೌಳು ಈ ಎರಡನೇ ಬಗೆಯದು. ಆದ್ದರಿಂದ ಇಲ್ಲಿನ ಬ್ಯಾಕ್ಟೀರಿಯಾಗಳಿಗೆ ಎಷ್ಟೋ ಸಲ ಉಪ್ಪಿಗಿಂತ ಕ್ಷಾರವೇ ದೊಡ್ಡ ಕಷ್ಟ. ಒಂದು ಎಚ್ಚರಿಕೆ: 4 ಎಂಬ ಗಡಿ ಮಣ್ಣನ್ನು ನೀರಿನಲ್ಲಿ ಪೂರ್ತಿ ನೆನೆಸಿ ಹಿಂಡಿ ತೆಗೆದ ರಸಕ್ಕೆ ಸಂಬಂಧಿಸಿದ್ದು. ನಮ್ಮ ಮಣ್ಣು ಪರೀಕ್ಷೆ ಕೇಂದ್ರಗಳು ಸಾಮಾನ್ಯವಾಗಿ ಮಣ್ಣಿಗೆ ಎರಡು, ಎರಡೂವರೆ ಪಟ್ಟು ನೀರು ಬೆರೆಸಿ ಅಳೆಯುತ್ತವೆ. ಅಲ್ಲಿ ಅಂಕಿ ಕಡಿಮೆ ಬರುತ್ತದೆ. ಚೀಟಿಯಲ್ಲಿ 1.5 ಇದೆ, ಪರವಾಗಿಲ್ಲ ಅಂತ ಸುಮ್ನೆ ಕೂರಬೇಡಿ.

ಭತ್ತದ ಪೈರೇ ನಿಲ್ಲದ ಕಡೆ ಬ್ಯಾಕ್ಟೀರಿಯಾ ಹೆಂಗೆ ಬದುಕುತ್ತೆ?

ಹೊರಗೆ ಉಪ್ಪು ಜಾಸ್ತಿಯಾದರೆ ಜೀವಕೋಶದ ಒಳಗಿನ ನೀರು ಹೊರಕ್ಕೆ ಹರಿಯುತ್ತದೆ. ಅದನ್ನು ತಡೆಯಲು ಕೋಶ ತನ್ನೊಳಗೂ ಏನಾದರೂ ತುಂಬಿಕೊಳ್ಳಬೇಕು. ಹೆಚ್ಚಿನ ಬ್ಯಾಕ್ಟೀರಿಯಾಗಳು ತಮಗೆ ತೊಂದರೆ ಕೊಡದ ಸಣ್ಣ ಅಣುಗಳನ್ನು ತುಂಬಿಕೊಳ್ಳುತ್ತವೆ. ಗ್ಲೈಸಿನ್ ಬೀಟೈನ್, ಪ್ರೋಲಿನ್, ಎಕ್ಟೋಯಿನ್ ಅಂಥವು. ಎಕ್ಟೋಯಿನ್ 1985ರಲ್ಲಿ ಉಪ್ಪಿನಲ್ಲಿ ಬದುಕುವ ಬ್ಯಾಕ್ಟೀರಿಯಾದಲ್ಲೇ ಸಿಕ್ಕಿತು. ಈಗ ಅದು ಚರ್ಮದ ಕ್ರೀಮಿನಲ್ಲಿ, ಮೂಗಿನ ಸ್ಪ್ರೇನಲ್ಲಿ ಇದೆ.

ಉಪ್ಪು ಇಲ್ಲದೆಯೂ ಬೆಳೆದು, ಇದ್ದರೂ ತಡೆದುಕೊಳ್ಳುವವು ಲವಣಸಹಿಷ್ಣುಗಳು. ಉಪ್ಪು ಇಲ್ಲದಿದ್ದರೆ ಬೆಳೆಯದವು ಲವಣಪ್ರಿಯ. ನಮ್ಮ ಮಣ್ಣಿನಲ್ಲಿ ಮೊದಲನೆಯವೇ ಜಾಸ್ತಿ. ಬ್ಯಾಸಿಲಸ್ ಜಾತಿಯ ಎಷ್ಟೋ ಬ್ಯಾಕ್ಟೀರಿಯಾಗಳು ಶೇ. 7 ಉಪ್ಪಿನಲ್ಲೂ ಬೆಳೆಯುತ್ತವೆ. ಸಮುದ್ರದ ನೀರೇ ಶೇ. 3.5! ಇಲ್ಲೊಂದು ಸೋಜಿಗ ಇದೆ. ಇಸಿ 4 ಅಂದರೆ ಮಣ್ಣಿನ ರಸದಲ್ಲಿ ಲೀಟರಿಗೆ ಎರಡೂವರೆ ಗ್ರಾಂ ಉಪ್ಪು ಅಷ್ಟೇ, ಅಂದರೆ ಶೇ. 0.25. ಅಂಥ ಮಣ್ಣಲ್ಲಿ ಶೇ. 7 ತಡೆಯುವ ಶಕ್ತಿ ಯಾಕೆ ಬೇಕು? ಬೇಸಿಗೆಗೆ ಬೇಕು. ಮಣ್ಣು ಒಣಗುತ್ತಾ ಹೋದಂತೆ ಕಣಗಳ ಸುತ್ತ ಉಳಿಯುವ ತೆಳು ನೀರಿನ ಪದರ ಗಟ್ಟಿ ಉಪ್ಪುನೀರಾಗುತ್ತದೆ. ಹಾಗಾಗಿ ಚೌಳಿಲ್ಲದ ಹಿತ್ತಲ ಮಣ್ಣಲ್ಲೂ ಉಪ್ಪು ತಡೆಯುವವು ಸಿಗುತ್ತವೆ.

ಬ್ಯಾಕ್ಟೀರಿಯಾನೇ ಬ್ಯಾಕ್ಟೀರಿಯಾನ ಕೊಲ್ಲೋದು ಯಾಕೆ?

ಊಟಕ್ಕೆ, ಜಾಗಕ್ಕೆ. ಮಣ್ಣಿನಲ್ಲಿ ಎರಡೂ ಕಡಿಮೆ. ಬ್ಯಾಸಿಲಸ್‌ನಂಥವು ಆಹಾರ ಮುಗಿಯುತ್ತಾ ಬಂದಾಗ, ಕಷ್ಟಕಾಲ ತಡೆಯುವ ಗಟ್ಟಿ ಬೀಜಕಣವಾಗುವ ಮುಂಚೆ, ಇಂಥ ಪೆಪ್ಟೈಡ್‌ಗಳನ್ನು ಹೊರಬಿಡುತ್ತವೆ. ತಾನೇ ಸಾಯಬಾರದಲ್ಲ, ಅದಕ್ಕೆ ಅದೇ ಜೀನ್‌ಗಳ ಪಕ್ಕದಲ್ಲಿ ಎಷ್ಟೋ ಸಲ ಪ್ರತಿರೋಧದ ಜೀನ್ ಕೂಡ ಇರುತ್ತದೆ. ಕೊಲ್ಲುವುದೊಂದೇ ಕೆಲಸ ಅಂತಲೂ ಅಲ್ಲ. ಸರ್ಫ್ಯಾಕ್ಟಿನ್ ನೀರಿನ ಮೇಲ್ಮೈ ಸೆಳೆತವನ್ನು ಮೀಟರಿಗೆ 72ರಿಂದ ಸುಮಾರು 27 ಮಿಲಿನ್ಯೂಟನ್‌ಗೆ ಇಳಿಸುತ್ತದೆ. ಅದರ ಮೇಲೆ ಜಾರಿಕೊಂಡು ಬ್ಯಾಕ್ಟೀರಿಯಾ ಗುಂಪು ಹರಡುತ್ತದೆ.

ಮಣ್ಣಿನಿಂದ ಬಂದ ಇಂಥ ಔಷಧಿ ನಾವು ಈಗಾಗ್ಲೇ ಬಳಸ್ತಿದ್ದೀವಾ?

ಮನೆಯಲ್ಲಿ ನಿಯೋಸ್ಪೋರಿನ್ ಪೌಡರ್ ಇದ್ದರೆ ಡಬ್ಬಿ ತಿರುಗಿಸಿ ಓದಿ. ನಿಯೋಮೈಸಿನ್, ಪಾಲಿಮಿಕ್ಸಿನ್ ಬಿ, ಬ್ಯಾಸಿಟ್ರಾಸಿನ್ ಅಂತ ಇರುತ್ತದೆ. ಕೊನೆಯ ಎರಡೂ ಪೆಪ್ಟೈಡ್‌ಗಳೇ. ಬ್ಯಾಸಿಟ್ರಾಸಿನ್ ತಯಾರಿಸುವ ಬ್ಯಾಕ್ಟೀರಿಯಾ 1943ರಲ್ಲಿ ಒಬ್ಬ ಹುಡುಗಿಯ ಕಾಲಿನ ಗಾಯದಲ್ಲಿ ಸಿಕ್ಕಿತು. ಆ ಜಾತಿ ಮಣ್ಣಿನಲ್ಲಿ ಸರ್ವೇಸಾಮಾನ್ಯ, ಉಪ್ಪನ್ನೂ ತಡೆಯುತ್ತದೆ. ಪಾಲಿಮಿಕ್ಸಿನ್ 1947ರಲ್ಲಿ ಇನ್ನೊಂದು ಮಣ್ಣಿನ ಬ್ಯಾಕ್ಟೀರಿಯಾದಿಂದ ಬಂತು.

ಇವೆಲ್ಲಕ್ಕೂ ಮೊದಲಿನದು ರೆನೆ ಡ್ಯುಬೋ ಅವರ ಕೆಲಸ. 1939ರಲ್ಲಿ ಅವರು ನ್ಯೂಯಾರ್ಕಿನಲ್ಲಿ ಮಣ್ಣಿನ ಬ್ಯಾಕ್ಟೀರಿಯಾದಿಂದ ಗ್ರಾಮಿಸಿಡಿನ್ ಬೇರ್ಪಡಿಸಿದರು. ಪೆನಿಸಿಲಿನ್ ಇನ್ನೂ ಆಸ್ಪತ್ರೆ ಸೇರಿರಲಿಲ್ಲ. ಅವರ ಉಪಾಯ ಸರಳ. ಮಣ್ಣಿಗೆ ರೋಗಾಣುಗಳನ್ನೇ ಆಹಾರವಾಗಿ ಹಾಕುತ್ತಾ ಹೋದರು, ಅವನ್ನು ತಿಂದು ಬೆಳೆದವನ್ನು ಹಿಡಿದರು. ಆದರೆ ಗ್ರಾಮಿಸಿಡಿನ್ ರಕ್ತಕ್ಕೆ ಹೋದರೆ ಕೆಂಪು ರಕ್ತಕಣಗಳನ್ನೂ ಒಡೆಯುತ್ತದೆ. ಹಾಗಾಗಿ ಮೇಲೆ ಹಚ್ಚುವುದಕ್ಕೆ, ಕಣ್ಣಿನ ಹನಿಗೆ ಮಾತ್ರ ಸೀಮಿತವಾಯಿತು.

ಇತ್ತೀಚಿನದು ಡ್ಯಾಪ್ಟೋಮೈಸಿನ್. ಟರ್ಕಿಯ ಅರರಾತ್ ಬೆಟ್ಟದ ಮಣ್ಣಿನ ಸ್ಟ್ರೆಪ್ಟೋಮೈಸಿಸ್ ಎಂಬ ಬ್ಯಾಕ್ಟೀರಿಯಾದಿಂದ ಬಂದದ್ದು. ಅಮೆರಿಕದಲ್ಲಿ 2003ರಲ್ಲಿ ಒಪ್ಪಿಗೆ ಸಿಕ್ಕಿತು. ದೊಡ್ಡ ಆಸ್ಪತ್ರೆಗಳಲ್ಲಿ ಬಳಸುವ ವ್ಯಾಂಕೋಮೈಸಿನ್ ಕೂಡ ಬೋರ್ನಿಯೋ ಮಣ್ಣಿನದು. ಅದು ಸಕ್ಕರೆ ಅಂಟಿದ ಪೆಪ್ಟೈಡ್.

ಹಾಗಾದ್ರೆ ಗಾಯಕ್ಕೆ ಚೌಳು ಮಣ್ಣು ಹಚ್ಚಬಹುದಾ?

ಖಂಡಿತ ಬೇಡ. ಧನುರ್ವಾಯುವಿನ ಬೀಜಕಣ ಇರುವುದೂ ಮಣ್ಣಿನಲ್ಲೇ. ಗಾಯ ತೊಳೆಯಿರಿ, ಟಿಟಿ ಹಾಕಿಸಿಕೊಳ್ಳಿ.

## ಸ್ವಲ್ಪ ಆಳಕ್ಕೆ

ಇವು ರೋಗಾಣುನ ಕೊಲ್ಲುತ್ತೆ, ನಮ್ಮ ಜೀವಕೋಶ ಬಿಡುತ್ತೆ. ಹೇಗೆ ಗುರುತು ಹಿಡಿಯುತ್ತೆ?

ಬ್ಯಾಕ್ಟೀರಿಯಾದ ಪೊರೆಯ ಹೊರಮೈಯಲ್ಲಿ ನೆಗೆಟಿವ್ ವಿದ್ಯುದಂಶ ಜಾಸ್ತಿ. ನಮ್ಮ ಕೋಶದ ಹೊರಮೈ ಹೆಚ್ಚುಕಡಿಮೆ ತಟಸ್ಥ, ಜೊತೆಗೆ ಕೊಲೆಸ್ಟೆರಾಲ್ ಸೇರಿ ಪೊರೆ ಬಿಗಿಯಾಗಿರುತ್ತದೆ. ಇಂಥ ಪೆಪ್ಟೈಡ್‌ಗಳಲ್ಲಿ ಹೆಚ್ಚಿನವು ಪಾಸಿಟಿವ್. ಹಾಗಾಗಿ ಬ್ಯಾಕ್ಟೀರಿಯಾದ ಕಡೆಗೇ ಸೆಳೆತ. ಅಂಟಿಕೊಂಡ ಮೇಲೆ ಪೆಪ್ಟೈಡ್‌ನ ಕೊಬ್ಬು ಇಷ್ಟಪಡುವ ಭಾಗ ಪೊರೆಯೊಳಗೆ ನುಗ್ಗುತ್ತದೆ. ಕೆಲವು ಪೊರೆಯಲ್ಲಿ ರಂಧ್ರ ಮಾಡುತ್ತವೆ, ಕೆಲವು ಪೊರೆಯನ್ನೇ ಚಿಂದಿ ಮಾಡುತ್ತವೆ. ನಿಸಿನ್ ಇನ್ನೂ ಜಾಣ. ಕೋಶಗೋಡೆ ಕಟ್ಟಲು ಬೇಕಾದ ಲಿಪಿಡ್-2 ಎಂಬ ಅಣುವನ್ನೇ ಹಿಡಿದು, ಅದನ್ನೇ ಆಸರೆ ಮಾಡಿಕೊಂಡು ರಂಧ್ರ ಕೊರೆಯುತ್ತದೆ.

ಈ ಗುರುತು ಹಿಡಿಯುವಿಕೆ ಪೂರ್ತಿ ನಂಬುವಂಥದ್ದಲ್ಲ. ಪ್ರಮಾಣ ಏರಿದರೆ ನಮ್ಮ ಕೋಶಗಳಿಗೂ ಪೆಟ್ಟು ಬೀಳುತ್ತದೆ. ಗ್ರಾಮಿಸಿಡಿನ್ ಕತೆ ಮೇಲೆ ಓದಿದಿರಲ್ಲ.

ಉಪ್ಪು ತಡೆಯೋ ಬ್ಯಾಕ್ಟೀರಿಯಾದ್ದೇ ಯಾಕೆ ಬೇಕು? ಯಾವ ಮಣ್ಣಾದ್ರೂ ಆಗಲ್ವಾ?

ಒಳ್ಳೆಯ ಪ್ರಶ್ನೆ, ಮತ್ತು ಇದಕ್ಕೆ ಪ್ರಾಮಾಣಿಕ ಉತ್ತರ ಸ್ವಲ್ಪ ಉದ್ದ.

ಪೆಪ್ಟೈಡ್ ಪಾಸಿಟಿವ್, ಗುರಿ ನೆಗೆಟಿವ್ ಅಂದೆ. ನೀರಿನಲ್ಲಿ ಉಪ್ಪು ಇದ್ದರೆ ಸೋಡಿಯಂ ಅಯಾನುಗಳು ಬ್ಯಾಕ್ಟೀರಿಯಾವನ್ನು ಮುತ್ತುತ್ತವೆ, ಕ್ಲೋರೈಡ್ ಅಯಾನುಗಳು ಪೆಪ್ಟೈಡನ್ನು ಮುತ್ತುತ್ತವೆ. ಜಂಬೂಸವಾರಿ ದಿನ ಸಯ್ಯಾಜಿರಾವ್ ರಸ್ತೆಯ ಆಚೆ ಬದಿಯಲ್ಲಿ ಗೆಳೆಯ ಕಂಡರೂ ಹತ್ತಿರ ಹೋಗಲಾಗದ ಪರಿಸ್ಥಿತಿ. ನಮ್ಮ ದೇಹದಲ್ಲೇ ಇರುವ ಕೆಲವು ಬೀಟಾ ಡಿಫೆನ್ಸಿನ್ ಪೆಪ್ಟೈಡ್‌ಗಳು ಉಪ್ಪು ಕಡಿಮೆ ಇದ್ದಾಗ ಚೆನ್ನಾಗಿ ಕೊಲ್ಲುತ್ತವೆ, ರಕ್ತದಷ್ಟು ಉಪ್ಪಿನಲ್ಲಿ ಮಂಕಾಗುತ್ತವೆ. ಡ್ರಿಪ್ ಬಾಟಲಿಯ ಸಲೈನ್ ನೋಡಿ, ಶೇ. 0.9 ಉಪ್ಪು. ಔಷಧಿ ಕೆಲಸ ಮಾಡಬೇಕಾದದ್ದು ಆ ಪರಿಸರದಲ್ಲಿ. ಲ್ಯಾಬಿನ ತಿಳಿನೀರಿನಲ್ಲಿ ಹುಲಿ, ರಕ್ತದಲ್ಲಿ ಇಲಿ ಆದ ಪೆಪ್ಟೈಡ್‌ಗಳು ಬೇಕಾದಷ್ಟಿವೆ.

ಇಲ್ಲಿಂದ ಹುಟ್ಟಿದ ಯೋಚನೆ ಇದು: ಉಪ್ಪಿನಲ್ಲೇ ಬದುಕುವ ಬ್ಯಾಕ್ಟೀರಿಯಾ ಉಪ್ಪಿನಲ್ಲಿ ಕೆಲಸ ಮಾಡದ ಆಯುಧ ತಯಾರಿಸಿದರೆ ಅದಕ್ಕೇ ದಂಡ. ಹಾಗಾಗಿ ಅಲ್ಲಿ ಹುಡುಕಿದರೆ ಉಪ್ಪಿಗೆ ಜಗ್ಗದ ಪೆಪ್ಟೈಡ್ ಸಿಗುವ ಸಾಧ್ಯತೆ ಇದೆ. ಅಂಥವು ಬರೀ ವಿದ್ಯುತ್ ಸೆಳೆತ ನಂಬಿ ಕೂರುವುದಿಲ್ಲ. ಸರ್ಫ್ಯಾಕ್ಟಿನ್ ನೆಗೆಟಿವ್ ಅಣು, ಕೊಬ್ಬಿನ ಬಾಲದ ಬಲದಿಂದ ಪೊರೆಗೆ ನುಗ್ಗುತ್ತದೆ. ಡ್ಯಾಪ್ಟೋಮೈಸಿನ್‌ಗಂತೂ ಕ್ಯಾಲ್ಸಿಯಂ ಇದ್ದರೇ ಶಕ್ತಿ.

ಆದರೆ ಇದು ಒಳ್ಳೆಯ ಊಹೆ ಮಾತ್ರ, ನಿಯಮ ಅಲ್ಲ. ಪಾಲಿಮಿಕ್ಸಿನ್ ಕೊಡುವ ಬ್ಯಾಕ್ಟೀರಿಯಾ ಶೇ. 5 ಉಪ್ಪಿನಲ್ಲಿ ಬೆಳೆಯುವುದಿಲ್ಲ. ಆದರೂ ಪಾಲಿಮಿಕ್ಸಿನ್ ಆಸ್ಪತ್ರೆಯ ಕೊನೆಯ ಅಸ್ತ್ರಗಳಲ್ಲಿ ಒಂದಾಯಿತು. ಇನ್ನೊಂದು ಕಡೆ, ಚೌಳಿನಲ್ಲಿ ಸಿಕ್ಕ ಮಾತ್ರಕ್ಕೆ ಆ ಪೆಪ್ಟೈಡ್ ಉಪ್ಪು ತಡೆಯುತ್ತದೆ ಅಂತ ಬರೆದುಬಿಡುವುದು ನನಗೆ ಒಪ್ಪಿಗೆ ಇಲ್ಲ. ಉಪ್ಪು ಹಾಕಿ, ಹಾಕದೆ, ಎರಡೂ ಕಡೆ ಅಳೆದು ತೋರಿಸಬೇಕು. ಬ್ಯಾಕ್ಟೀರಿಯಾ ಉಪ್ಪು ತಡೆಯುವುದು ಬೇರೆ ವಿಷಯ, ಅದರ ಪೆಪ್ಟೈಡ್ ಉಪ್ಪು ತಡೆಯುವುದು ಬೇರೆ ವಿಷಯ. ನಾನು ನೋಡುವ ಹೆಚ್ಚಿನ ವರದಿಗಳಲ್ಲಿ ಮೊದಲನೆಯದಕ್ಕೆ ಮಾತ್ರ ಪುರಾವೆ ಇರುತ್ತದೆ.

ಪೆಪ್ಟೈಡ್‌ಗೆ ರೆಸಿಸ್ಟೆನ್ಸ್ ಬರೋದೇ ಇಲ್ಲ ಅಂತಾರಲ್ಲ?

ಹಾಗೆ ಹೇಳುವವರು ಕೊಲಿಸ್ಟಿನ್ ಕತೆ ಓದಿಲ್ಲ. ಇದು ಪಾಲಿಮಿಕ್ಸಿನ್ ಕುಟುಂಬದ ಔಷಧಿ. ಮೂತ್ರಪಿಂಡಕ್ಕೆ ಹಾನಿ ಅಂತ ಮನುಷ್ಯರಲ್ಲಿ ಬಳಕೆ ಕಡಿಮೆಯಾಗಿತ್ತು. ಬೇರೆ ಆಂಟಿಬಯೋಟಿಕ್ ಸೋಲತೊಡಗಿದಾಗ ಮತ್ತೆ ಹೊರಗೆ ತೆಗೆದರು. ಅಷ್ಟರಲ್ಲಿ ಕೋಳಿ, ಹಂದಿ ಸಾಕಣೆಯಲ್ಲಿ ಅದನ್ನು ಧಾರಾಳವಾಗಿ ಬಳಸಿದ್ದರು. 2015ರ ನವೆಂಬರಿನಲ್ಲಿ ಚೀನಾದಿಂದ ಎಂಸಿಆರ್-1 ಜೀನ್ ವರದಿಯಾಯಿತು. ಅದು ಬ್ಯಾಕ್ಟೀರಿಯಾದ ಹೊರಪೊರೆಗೆ ಒಂದು ಸಣ್ಣ ಗುಂಪನ್ನು ಅಂಟಿಸಿ ನೆಗೆಟಿವ್ ಅಂಶ ತಗ್ಗಿಸುತ್ತದೆ. ಕೊಲಿಸ್ಟಿನ್‌ಗೆ ಅಂಟಿಕೊಳ್ಳಲು ಜಾಗವೇ ಇಲ್ಲ. ಆ ಜೀನ್ ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್‌ಎ ಬಳೆಯ ಮೇಲೆ ಇರುವುದರಿಂದ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುತ್ತದೆ. ಭಾರತ 2019ರಲ್ಲಿ ಆಹಾರಕ್ಕೆ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು.

ಪೊರೆಯನ್ನೇ ಬದಲಾಯಿಸುವುದು ಬ್ಯಾಕ್ಟೀರಿಯಾಗೆ ಕಷ್ಟ, ಆದ್ದರಿಂದ ಪ್ರತಿರೋಧ ನಿಧಾನ ಅನ್ನಬಹುದು. ಬರುವುದೇ ಇಲ್ಲ ಅನ್ನುವುದು ಸುಳ್ಳು.

ಊಟದ ಪದಾರ್ಥಕ್ಕೆ ಇದನ್ನ ಹಾಕ್ತಾರಾ?

ನಿಸಿನ್ ಹಾಕುತ್ತಾರೆ. ಸಂಸ್ಕರಿಸಿದ ಚೀಸ್ ಪೊಟ್ಟಣದ ಮೇಲೆ 234 ಎಂಬ ಸಂಖ್ಯೆ ಕಂಡರೆ ಅದೇ. 1969ರಲ್ಲಿ ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಎಫ್‌ಎಒ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಒಪ್ಪಿದರು, 1988ರಲ್ಲಿ ಅಮೆರಿಕವೂ ಒಪ್ಪಿತು. ಹೊಟ್ಟೆಯ ಕಿಣ್ವಗಳು ಅದನ್ನು ಜೀರ್ಣ ಮಾಡಿಬಿಡುತ್ತವೆ. ಅದು ಹಾಲಿನ ಬ್ಯಾಕ್ಟೀರಿಯಾದ್ದು, ಮಣ್ಣಿನದಲ್ಲ. ಮಣ್ಣಿನ ಬ್ಯಾಸಿಲಸ್ ಪೆಪ್ಟೈಡ್‌ಗಳಿಗೆ ಊಟದಲ್ಲಿ ಜಾಗ ಸಿಗುವುದು ಕಷ್ಟ, ಯಾಕೆಂದರೆ ಸುರಕ್ಷತೆ ತೋರಿಸುವ ದಾರಿ ಬಹಳ ಉದ್ದ. ಮೈಸೂರಿನಲ್ಲಿ 1950ರಿಂದ ಆಹಾರ ತಂತ್ರಜ್ಞಾನದ ಕೇಂದ್ರೀಯ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. ಆಹಾರದ ಕಡೆ ಒಲವಿರುವ ವಿದ್ಯಾರ್ಥಿಗಳು ಹಾಲು, ಹಿಟ್ಟು, ಉಪ್ಪಿನಕಾಯಿಯ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳ ಕಡೆ ನೋಡುವುದೇ ವಾಸಿ.

ನಮ್ಮ ಭತ್ತದ ಬೆಂಕಿ ರೋಗಕ್ಕೆ, ಚೌಳಿಗೆ ಇದರಿಂದ ಏನಾದ್ರೂ ಉಪಯೋಗ ಇದೆಯಾ?

ಎರಡು ಪ್ರಶ್ನೆ ಒಟ್ಟಿಗೆ ಬಂದಿವೆ, ಬಿಡಿಸಿ ಹೇಳುತ್ತೇನೆ.

ರೋಗಕ್ಕೆ ಉಪಯೋಗ ಇದೆ. ಬೆಂಕಿ ರೋಗ ಶಿಲೀಂಧ್ರದಿಂದ ಬರುತ್ತದೆ. ಬ್ಯಾಸಿಲಸ್‌ನ ಇಟುರಿನ್, ಫೆಂಗೈಸಿನ್ ಎಂಬ ಪೆಪ್ಟೈಡ್‌ಗಳು ಶಿಲೀಂಧ್ರದ ಪೊರೆಯನ್ನು ಕೆಡಿಸುತ್ತವೆ. ಅಂಗಡಿಯಲ್ಲಿ ಸಿಗುವ ಬ್ಯಾಸಿಲಸ್ ಸಬ್ಟಿಲಿಸ್ ಜೈವಿಕ ಪುಡಿಯ ಗುಟ್ಟಿನಲ್ಲಿ ಇವೂ ಸೇರಿವೆ. ಈಗ ಹೆಚ್ಚು ಹೆಸರು ಕೇಳುವ ಬ್ಯಾಸಿಲಸ್ ವೆಲೆಜೆನ್ಸಿಸ್ ಅನ್ನು 2005ರಲ್ಲಿ ಮೊದಲು ವಿವರಿಸಿದ್ದು ಸ್ಪೇನಿನ ಒಂದು ನದಿ ಸಮುದ್ರ ಸೇರುವ ಕಡೆಯ ಉಪ್ಪು ಬೆರೆತ ನೀರಿನಿಂದ. ಚೌಳು ಗದ್ದೆಗೆ ಉಪ್ಪು ತಡೆಯದ ತಳಿ ಹಾಕಿದರೆ ಅದು ಬೇರಿನ ಹತ್ತಿರ ನೆಲೆಯೂರುವುದಿಲ್ಲ. ಔಷಧಿಗಿಂತ ಈ ಕೆಲಸದಲ್ಲೇ ಚೌಳು ಮಣ್ಣಿನ ಬ್ಯಾಕ್ಟೀರಿಯಾಗೆ ಬೇಗ ಫಲ ಸಿಗುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಪುಡಿ ಕೊಳ್ಳುವಾಗ ತಯಾರಿಕೆ ದಿನಾಂಕ ನೋಡಿ, ಬಿಸಿಲಲ್ಲಿ ಇಟ್ಟದ್ದನ್ನು ಕೊಳ್ಳಬೇಡಿ, ರಾಸಾಯನಿಕ ಔಷಧಿ ಜೊತೆ ಒಂದೇ ಟ್ಯಾಂಕಿಗೆ ಸುರಿಯಬೇಡಿ.

ಚೌಳು ಹೋಗಲಾಡಿಸುವುದು ಪೆಪ್ಟೈಡ್ ಕೆಲಸ ಅಲ್ಲ. ಉಪ್ಪು ಜಾಸ್ತಿ ಇದ್ದರೆ ಬಸಿಗಾಲುವೆ ತೆಗೆದು ಒಳ್ಳೆ ನೀರಿನಿಂದ ತೊಳೆಯಬೇಕು. ಕ್ಷಾರ ಇದ್ದರೆ ಪರೀಕ್ಷೆ ಮಾಡಿಸಿ ಜಿಪ್ಸಂ ಹಾಕಬೇಕು. ಜಿಪ್ಸಂನ ಕ್ಯಾಲ್ಸಿಯಂ ಸೋಡಿಯಂ ಜಾಗ ಹಿಡಿಯುತ್ತದೆ, ಸೋಡಿಯಂ ನೀರಿನ ಜೊತೆ ಇಳಿಯುತ್ತದೆ. ಹಸಿರು ಗೊಬ್ಬರಕ್ಕೆ ಡಯಾಂಚ ಬೆಳೆದು ಉಳುವುದೂ ಒಳ್ಳೆಯದು. ‘ಈ ಬಾಟಲಿ ಹಾಕಿ, ಚೌಳು ಮಾಯ’ ಅನ್ನುವವರನ್ನು ಗದ್ದೆ ಹತ್ತಿರ ಬಿಡಬೇಡಿ.

ರೇಷ್ಮೆ ಹುಳದಲ್ಲೂ ಇಂಥದ್ದು ಇದೆಯಂತೆ?

ಇದೆ. ಪತಂಗಗಳ ರಕ್ತದಲ್ಲಿ ಸೆಕ್ರೋಪಿನ್ ಇರುವುದು 1980ರ ದಶಕದ ಆರಂಭದಲ್ಲಿ ಸ್ವೀಡನ್ನಿನಲ್ಲಿ ಗೊತ್ತಾಯಿತು. ನಮ್ಮ ರೇಷ್ಮೆ ಹುಳು ಸೆಕ್ರೋಪಿನ್ ಜೊತೆಗೆ ಮೊರಿಸಿನ್ ಎಂಬುದನ್ನೂ ತಯಾರಿಸುತ್ತದೆ.

## ಲ್ಯಾಬಿನ ಪ್ರಶ್ನೆಗಳು

ಪ್ರಾಜೆಕ್ಟ್‌ಗೆ ಚೌಳು ಮಣ್ಣು ತರಬೇಕು. ಎಲ್ಲಿಂದ, ಹೇಗೆ ತರಲಿ?

ಮೊದಲು ಜಮೀನಿನವರನ್ನು ಕೇಳಿ. ಬೇಸಿಗೆಯಲ್ಲಿ, ಬೆಳೆ ಸೊರಗಿದ ತೇಪೆಗಳಲ್ಲಿ, ಮೇಲಿನ 15 ಸೆಂಟಿಮೀಟರ್ ಮಣ್ಣು ತೆಗೆಯಿರಿ. ಅದೇ ಗದ್ದೆಯ ಚೆನ್ನಾಗಿರುವ ಜಾಗದಿಂದಲೂ ಒಂದು ಮಾದರಿ ಬೇಕೇ ಬೇಕು. ಹೋಲಿಸಲು ಏನೂ ಇಲ್ಲದಿದ್ದರೆ ‘ಚೌಳಿನ ವಿಶೇಷ’ ಅಂತ ಹೇಳುವ ಹಕ್ಕು ನಿಮಗಿಲ್ಲ. ಎರಡರದ್ದೂ ಇಸಿ, ಪಿಎಚ್ ಅಳೆಯಿರಿ.

ಎಷ್ಟೋ ಜನ ಮಣ್ಣಿನ ದ್ರಾವಣವನ್ನು 80 ಡಿಗ್ರಿಯಲ್ಲಿ ಹತ್ತು ನಿಮಿಷ ಕಾಯಿಸಿ ಪ್ಲೇಟ್ ಮಾಡುತ್ತಾರೆ, ಅಂದರೆ ತಟ್ಟೆಯಲ್ಲಿರುವ ಅಗಾರ್ ಎಂಬ ಆಹಾರದ ಜೆಲ್ ಮೇಲೆ ಹರಡಿ ಬೆಳೆಸುತ್ತಾರೆ. ಬೀಜಕಣ ಮಾಡುವ ಬ್ಯಾಸಿಲಸ್ ಮಾತ್ರ ಉಳಿಯುತ್ತದೆ. ಬೀಜಕಣ ಮಾಡದ ಹ್ಯಾಲೋಮೋನಾಸ್‌ನಂಥ ಬ್ಯಾಕ್ಟೀರಿಯಾಗಳು ಸತ್ತುಹೋಗುತ್ತವೆ. ಹಾಗಾಗಿ ಅರ್ಧ ಕಾಯಿಸಿ, ಅರ್ಧ ಹಾಗೇ ಬಿಡಿ. ಮಾಧ್ಯಮದ ಪಿಎಚ್ ನಿಮ್ಮ ಮಣ್ಣಿನ ಪಿಎಚ್‌ಗೆ ಹೊಂದಲಿ. ಕ್ಷಾರ ಮಣ್ಣು ತಂದು ಪಿಎಚ್ 7ರಲ್ಲಿ ಬೆಳೆಸುವುದು ಇಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು. ಪ್ಲೇಟನ್ನು ಎರಡೇ ದಿನಕ್ಕೆ ಎಸೆಯಬೇಡಿ. ನಿಧಾನಕ್ಕೆ ಬೆಳೆಯುವ ನೊಕಾರ್ಡಿಯಾಪ್ಸಿಸ್, ಸ್ಟ್ರೆಪ್ಟೋಮೈಸಿಸ್ ಎರಡು ವಾರ ತೆಗೆದುಕೊಳ್ಳಬಹುದು.

ಏನೇ ಮಾಡಿದರೂ ಮಣ್ಣಿನ ಬಹುಪಾಲು ಬ್ಯಾಕ್ಟೀರಿಯಾ ಪ್ಲೇಟಿನಲ್ಲಿ ಬೆಳೆಯುವುದಿಲ್ಲ. 2015ರಲ್ಲಿ ಪ್ರಕಟವಾದ ಟೀಕ್ಸೋಬ್ಯಾಕ್ಟಿನ್ ಎಂಬ ಪೆಪ್ಟೈಡ್ ಸಿಕ್ಕಿದ್ದು, ಬ್ಯಾಕ್ಟೀರಿಯಾವನ್ನು ಸಣ್ಣ ಸಾಧನದೊಳಗೆ ಕೂಡಿಹಾಕಿ ಮತ್ತೆ ಮಣ್ಣಿನಲ್ಲೇ ಹೂತು ಬೆಳೆಸಿದ್ದರಿಂದ.

ಪ್ಲೇಟಲ್ಲಿ ಬಾವಿ ಸುತ್ತ ಕ್ಲಿಯರ್ ಝೋನ್ ಬಂತು! ಪೆಪ್ಟೈಡ್ ಸಿಕ್ತು ಅಂತ ಬರೀಲಾ?

ಇನ್ನೂ ಬೇಡ. ರೋಗಾಣು ಹರಡಿದ ಅಗಾರ್‌ನಲ್ಲಿ ಕೊರೆದ ಸಣ್ಣ ಕುಳಿಯೇ ಬಾವಿ. ಅದಕ್ಕೆ ಹಾಕಿದ ದ್ರವ ರೋಗಾಣುವನ್ನು ತಡೆದರೆ ಸುತ್ತ ಏನೂ ಬೆಳೆಯದ ವೃತ್ತ ಉಳಿಯುತ್ತದೆ. ಆ ಖಾಲಿ ವೃತ್ತ ಏನನ್ನು ಬೇಕಾದರೂ ಹೇಳುತ್ತಿರಬಹುದು.

ಮೊದಲ ಅನುಮಾನ ಉಪ್ಪಿನ ಮೇಲೆಯೇ. ನಿಮ್ಮ ಬ್ಯಾಕ್ಟೀರಿಯಾವನ್ನು ಶೇ. 10 ಉಪ್ಪಿನ ದ್ರವದಲ್ಲಿ ಬೆಳೆಸಿ, ಆ ದ್ರವವನ್ನೇ ಬಾವಿಗೆ ಹಾಕಿದರೆ, ಇ. ಕೊಲೈ ಉಪ್ಪಿಗೇ ಹೆದರಿ ಹಿಂದೆ ಸರಿಯಬಹುದು. ಸ್ಟ್ಯಾಫಿಲೋಕಾಕಸ್ ಮಾತ್ರ ಶೇ. 7.5 ಉಪ್ಪಿನಲ್ಲೂ ಆರಾಮಾಗಿ ಇರುತ್ತದೆ. ಇ. ಕೊಲೈ ಮೇಲೆ ವೃತ್ತ, ಸ್ಟ್ಯಾಫ್ ಮೇಲೆ ಏನೂ ಇಲ್ಲ ಅಂದರೆ ಅನುಮಾನ ಇನ್ನೂ ಗಟ್ಟಿ. ಬ್ಯಾಕ್ಟೀರಿಯಾ ಬೆಳೆಸದ, ಅಷ್ಟೇ ಉಪ್ಪಿರುವ ದ್ರವವನ್ನು ಪಕ್ಕದ ಬಾವಿಗೆ ಹಾಕಲೇಬೇಕು. ಇದೊಂದು ಬಾವಿ ಇಲ್ಲದ ಎಷ್ಟೋ ಫೋಟೋಗಳನ್ನು ನೋಡಿದ್ದೇನೆ.

ಆಮೇಲೆ ಆಮ್ಲ. ದ್ರವದ ಪಿಎಚ್ 7ಕ್ಕೆ ತಂದು ಮತ್ತೆ ನೋಡಿ. ಆಮೇಲೆ ಹೈಡ್ರೋಜನ್ ಪೆರಾಕ್ಸೈಡ್. ಅದನ್ನು ಒಡೆಯುವ ಕ್ಯಾಟಲೇಸ್ ಕಿಣ್ವ ಹಾಕಿ ನೋಡಿ. ಇವೆಲ್ಲ ದಾಟಿದ ಮೇಲೆ ಪ್ರೋಟೀನ್ ಕತ್ತರಿಸುವ ಕಿಣ್ವಗಳಾದ ಪ್ರೋಟೀನೇಸ್ ಕೆ, ಟ್ರಿಪ್ಸಿನ್ ಹಾಕಿ. ವೃತ್ತ ಮಾಯವಾದರೆ ಪೆಪ್ಟೈಡ್ ಅನ್ನಲು ಒಳ್ಳೆಯ ಆಧಾರ. ಮಾಯವಾಗದಿದ್ದರೆ ಪೆಪ್ಟೈಡ್ ಅಲ್ಲ ಅಂತ ತೀರ್ಮಾನಿಸಬೇಡಿ. ಬಳೆಯಾಕಾರದ, ‘ಡಿ’ ಅಮೈನೋ ಆಮ್ಲ ಇರುವ ಪೆಪ್ಟೈಡ್‌ಗಳನ್ನು ಈ ಕಿಣ್ವಗಳು ಕತ್ತರಿಸಲಾರವು.

ವೃತ್ತದ ಅಗಲವೂ ಶಕ್ತಿಯ ಅಳತೆ ಅಲ್ಲ. ಅಗಾರ್‌ನಲ್ಲಿ ಬೇಗ ಹರಡುವ ಸಣ್ಣ ಅಣು ಅಗಲ ವೃತ್ತ ಕೊಡುತ್ತದೆ. ನಿಜವಾದ ಅಳತೆಗೆ ಶುದ್ಧ ಮಾಡಿದ ವಸ್ತುವಿನ ಕನಿಷ್ಠ ತಡೆ ಪ್ರಮಾಣ, ಅಂದರೆ ಎಂಐಸಿ ಬೇಕು. ಅದನ್ನು ಅಳೆಯುವಾಗ ಪಾಲಿಪ್ರೊಪಿಲೀನ್ ಪ್ಲೇಟ್ ಬಳಸಿ. ಪಾಸಿಟಿವ್ ಪೆಪ್ಟೈಡ್‌ಗಳು ಮಾಮೂಲಿ ಪಾಲಿಸ್ಟೈರೀನ್‌ಗೆ ಅಂಟಿಕೊಂಡು ಲೆಕ್ಕ ತಪ್ಪಿಸುತ್ತವೆ.

ಶುದ್ಧ ಮಾಡಿ ಮಾಸ್ ಸ್ಪೆಕ್‌ಗೆ ಕೊಟ್ಟೆ. 1036, 1050, 1064 ಹತ್ತಿರ ಪೀಕ್ ಬಂದಿವೆ. ಹೊಸದಾ?

ಮಾಸ್ ಸ್ಪೆಕ್ ಅಂದರೆ ಅಣುಗಳನ್ನು ತೂಗುವ ಯಂತ್ರ, ಪೀಕ್‌ಗಳು ಆ ತೂಕಗಳು. 14ರ ಅಂತರ ನೋಡಿದಾಗಲೇ ಗೊತ್ತಾಗಬೇಕು. ಅದು ಕೊಬ್ಬಿನ ಬಾಲದಲ್ಲಿ ಒಂದು ಇಂಗಾಲ, ಎರಡು ಹೈಡ್ರೋಜನ್ ಹೆಚ್ಚುಕಡಿಮೆ ಇರುವ ಗುರುತು. ಈ ತೂಕದಲ್ಲಿ ಸರ್ಫ್ಯಾಕ್ಟಿನ್ ಇರುತ್ತದೆ, ಇಟುರಿನ್ ಕೂಡ ಅಕ್ಕಪಕ್ಕವೇ ಬರುತ್ತದೆ. 1430ರಿಂದ 1560ರವರೆಗೆ ಬಂದರೆ ಫೆಂಗೈಸಿನ್ ಅನ್ನಿ. ಬ್ಯಾಸಿಲಸ್ ಹಿಡಿದವರಲ್ಲಿ ಹೆಚ್ಚಿನವರಿಗೆ ಸಿಗುವುದು ಇವೇ ಮೂರು. ಬೇಜಾರಾಗಬೇಡಿ, ಆದರೆ ‘ನವೀನ’ ಎಂಬ ಪದವನ್ನು ಶೀರ್ಷಿಕೆಯಿಂದ ತೆಗೆಯಿರಿ. ಖಚಿತಪಡಿಸಲು ಆ ಅಣುವನ್ನು ಮತ್ತೆ ಒಡೆದು ತುಣುಕುಗಳ ತೂಕ ನೋಡಬೇಕು. ಮಾದರಿ ಕೊಡುವ ಮುಂಚೆ ಉಪ್ಪು ಪೂರ್ತಿ ತೆಗೆಯಿರಿ. ಇಲ್ಲದಿದ್ದರೆ ಸೋಡಿಯಂ ಅಂಟಿ 22ರ ಅಂತರದ ಪೀಕ್‌ಗಳು ಬರುತ್ತವೆ, ಅದನ್ನೂ ಹೊಸ ಪೆಪ್ಟೈಡ್ ಅಂತ ಬರೆದುಬಿಡುತ್ತೀರಿ.

ಜೀನೋಮ್ ಓದಿಸಿದ್ರೆ ಇಷ್ಟೆಲ್ಲ ಒದ್ದಾಟ ತಪ್ಪುತ್ತಲ್ವಾ?

ಅರ್ಧ ತಪ್ಪುತ್ತದೆ. ಆ್ಯಂಟಿಸ್ಮ್ಯಾಶ್, ಬೇಗಲ್ ಎಂಬ ಉಚಿತ ಸಾಧನಗಳಿಗೆ ಜೀನೋಮ್ ಕೊಟ್ಟರೆ ಪೆಪ್ಟೈಡ್ ತಯಾರಿಸುವ ಜೀನ್ ಗುಂಪುಗಳನ್ನು ತೋರಿಸುತ್ತವೆ, ಗೊತ್ತಿರುವವುಗಳ ಜೊತೆ ಹೋಲಿಸುತ್ತವೆ. ಹಳೆಯದನ್ನು ಮತ್ತೆ ಕಂಡುಹಿಡಿಯುವ ದಂಡದ ಕೆಲಸ ತಪ್ಪುತ್ತದೆ. ಆದರೆ ಜೀನ್ ಇದ್ದ ಮಾತ್ರಕ್ಕೆ ಪೆಪ್ಟೈಡ್ ತಯಾರಾಗುತ್ತದೆ ಅಂತಿಲ್ಲ. ಎಷ್ಟೋ ಗುಂಪುಗಳು ಲ್ಯಾಬಿನ ಹಿತವಾದ ವಾತಾವರಣದಲ್ಲಿ ಮಲಗಿರುತ್ತವೆ. ಉಪ್ಪು ಏರಿಸಿ, ಆಹಾರ ಇಳಿಸಿ, ಪಕ್ಕದಲ್ಲಿ ಬೇರೆ ಬ್ಯಾಕ್ಟೀರಿಯಾ ಬೆಳೆಸಿ ಎಬ್ಬಿಸಬೇಕು. ಚೌಳು ಮಣ್ಣಿನ ತಳಿಗಳಲ್ಲಿ ಉಪ್ಪಿನ ಪ್ರಮಾಣವನ್ನೇ ಬದಲಿಸುತ್ತಾ ನೋಡುವುದು ನನಗೆ ಬಹಳ ಇಷ್ಟದ ಪ್ರಯೋಗ. ಖರ್ಚು ಕಡಿಮೆ, ಉತ್ತರ ಸ್ಪಷ್ಟ.

ಇಷ್ಟು ಸಾವಿರ ಪೆಪ್ಟೈಡ್ ಇದ್ರೂ ಮೆಡಿಕಲ್ ಶಾಪಿಗೆ ಬರೋದು ಬೆರಳೆಣಿಕೆ. ಯಾಕೆ?

ರಕ್ತದ ಕಿಣ್ವಗಳು ಕತ್ತರಿಸುತ್ತವೆ, ಮೂತ್ರಪಿಂಡ ಸೋಸಿ ಹಾಕುತ್ತದೆ, ಕೆಲವು ಕೆಂಪು ಕಣ ಒಡೆಯುತ್ತವೆ, ತಯಾರಿಕೆ ದುಬಾರಿ. ಡ್ಯಾಪ್ಟೋಮೈಸಿನ್ ಗೆದ್ದ ಔಷಧಿ, ಆದರೂ ಶ್ವಾಸಕೋಶದ ದ್ರವ ಅದನ್ನು ಹಿಡಿದಿಟ್ಟುಬಿಡುತ್ತದೆ, ಹಾಗಾಗಿ ನ್ಯುಮೋನಿಯಾಗೆ ಕೊಡುವುದಿಲ್ಲ. ಕಪ್ಪೆಯ ಚರ್ಮದಲ್ಲಿ 1987ರಲ್ಲಿ ಸಿಕ್ಕ ಮ್ಯಾಗೈನಿನ್‌ನಿಂದ ಪೆಕ್ಸಿಗನಾನ್ ಎಂಬ ಮುಲಾಮು ಮಾಡಿದರು, ಮಧುಮೇಹಿಗಳ ಕಾಲಿನ ಹುಣ್ಣಿಗೆ. ಮನುಷ್ಯರ ಮೇಲಿನ ದೊಡ್ಡ ಪರೀಕ್ಷೆಯವರೆಗೂ ಹೋಯಿತು. ಆಗಲೇ ಇರುವ ಔಷಧಿಗಿಂತ ಮೇಲು ಅಂತ ತೋರಿಸಲಾಗಲಿಲ್ಲ, 1999ರಲ್ಲಿ ಅಮೆರಿಕ ತಿರಸ್ಕರಿಸಿತು. ಹಣದ ಲೆಕ್ಕವೂ ಇದೆ. ಆಂಟಿಬಯೋಟಿಕ್ ಒಂದು ವಾರ ಕೊಡುವ ಔಷಧಿ, ಸಕ್ಕರೆ ಕಾಯಿಲೆ ಮಾತ್ರೆ ಜೀವನಪೂರ್ತಿ. ಕಂಪನಿಗಳು ಯಾವ ಕಡೆ ವಾಲುತ್ತವೆ ಅಂತ ಬಿಡಿಸಿ ಹೇಳಬೇಕಿಲ್ಲ.

ನನ್ನ ಗದ್ದೆ ಮಣ್ಣಲ್ಲಿ ಒಳ್ಳೇದೇನಾದ್ರೂ ಸಿಕ್ಕರೆ ನನಗೇನು ಸಿಗುತ್ತೆ? ಪೇಟೆಂಟ್ ಯಾರದ್ದು?

ಮದ್ದೂರು ಕಡೆಯ ರೈತರೊಬ್ಬರು ಮಣ್ಣು ಕೊಡುವ ಮುಂಚೆಯೇ ಇದನ್ನು ಕೇಳಿದರು. ಸರಿಯಾಗಿಯೇ ಕೇಳಿದರು.

2002ರ ಜೀವವೈವಿಧ್ಯ ಕಾಯ್ದೆಯಲ್ಲಿ ಸೂಕ್ಷ್ಮಜೀವಿಗಳೂ ಜೈವಿಕ ಸಂಪನ್ಮೂಲವೇ. ಇಲ್ಲಿನ ವಿದ್ಯಾರ್ಥಿ ಕಲಿಯಲು, ಸಂಶೋಧನೆ ಮಾಡಲು ಬಳಸಿದರೆ ಅಡ್ಡಿ ಇಲ್ಲ. ಕಂಪನಿ ವ್ಯಾಪಾರಕ್ಕೆ ಬಳಸಿದರೆ ರಾಜ್ಯ ಜೀವವೈವಿಧ್ಯ ಮಂಡಳಿಗೆ ತಿಳಿಸಬೇಕು, ಲಾಭದ ಪಾಲು ಕೊಡಬೇಕು. ವಿದೇಶಿ ಸಂಸ್ಥೆಗೆ ಚೆನ್ನೈನಲ್ಲಿರುವ ರಾಷ್ಟ್ರೀಯ ಪ್ರಾಧಿಕಾರದ ಅನುಮತಿ ಬೇಕು. ಪಂಚಾಯಿತಿ ಮಟ್ಟದಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರುತ್ತದೆ, ಪಾಲು ಅಲ್ಲಿಗೂ ಬರಬಹುದು. ನಿಮ್ಮ ಊರಿನ ಸಮಿತಿ ಕಾಗದದ ಮೇಲಷ್ಟೇ ಇದೆಯೇ ಅಂತ ಒಮ್ಮೆ ವಿಚಾರಿಸಿ.

ಪೇಟೆಂಟ್ ವಿಷಯಕ್ಕೆ ಬಂದರೆ, ಪ್ರಕೃತಿಯಲ್ಲಿ ಇದ್ದದ್ದನ್ನು ಕಂಡುಹಿಡಿದ ಮಾತ್ರಕ್ಕೆ ಭಾರತದಲ್ಲಿ ಪೇಟೆಂಟ್ ಇಲ್ಲ. ಬ್ಯಾಕ್ಟೀರಿಯಾ ನಿಮ್ಮದೂ ಅಲ್ಲ, ವಿಜ್ಞಾನಿಯದೂ ಅಲ್ಲ. ತಯಾರಿಸುವ ಹೊಸ ವಿಧಾನಕ್ಕೆ, ಬದಲಾಯಿಸಿದ ಪೆಪ್ಟೈಡ್‌ಗೆ ಕೇಳಬಹುದು. ಅರ್ಜಿಯಲ್ಲಿ ಮಣ್ಣು ಎಲ್ಲಿಂದ ಬಂತು ಅಂತ ಬರೆಯಬೇಕು, ತಳಿಯನ್ನು ಚಂಡೀಗಢದ ಎಂಟಿಸಿಸಿಯಂಥ ಮಾನ್ಯ ಸೂಕ್ಷ್ಮಜೀವಿ ಸಂಗ್ರಹಾಲಯದಲ್ಲಿ ಇಡಬೇಕಾಗಬಹುದು. ಹಾಗಾಗಿ ಮಣ್ಣು ಕೊಡುವಾಗ ದಿನಾಂಕ, ಸರ್ವೆ ನಂಬರ್, ಯಾರು ಯಾವ ಕೆಲಸಕ್ಕೆ ತೆಗೆದುಕೊಂಡರು ಅಂತ ಒಂದು ಹಾಳೆಯಲ್ಲಿ ಬರೆಸಿ, ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಿ. ವಿದ್ಯಾರ್ಥಿಗಳಿಗೂ ಅದೇ ಹಾಳೆ ಮುಂದೆ ಕೆಲಸಕ್ಕೆ ಬರುತ್ತದೆ.